ಎರಡು ಕಂಡೆನ್ಸರಿಗೆ ಒಂದೇ ತೂತು

ನೀರು ಸೋರಿದರೆ ನೆಲ ಹೇಳುತ್ತದೆ. ಎಣ್ಣೆ ಸೋರಿದರೂ ಕಲೆ ಉಳಿಯುತ್ತದೆ. ಎ.ಸಿ. ಗ್ಯಾಸು ಸೋರಿದರೆ ಕಣ್ಣಿಗೆ ಕಾಣಲ್ಲ, ಮೂಗಿಗೆ ಸಿಗಲ್ಲ. ಎರಡು ತಿಂಗಳು ನಮ್ಮ ಮನೆ ಕಾರು ಹಾಗೇ ಸೋರಿತು.

ಕಾರು ಓಡಿಸುವವಳು ನನ್ನ ಸೊಸೆ. ಮಾಕಳಿಯಿಂದ ಹೊರಟು ದಾರಿಯಲ್ಲಿ ನಾಲ್ಕು ಜನ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಪೀಣ್ಯದ ಒಂದು ಕಂಪನಿಗೆ ಬಿಡಬೇಕು, ಸಂಜೆ ವಾಪಸು ಕರೆತರಬೇಕು. ತುಮಕೂರು ರಸ್ತೆಯ ಧೂಳಿನಲ್ಲಿ ಗಾಜು ಇಳಿಸುವ ಹಾಗಿಲ್ಲ, ಕಂಪನಿಯ ರೂಲೂ ಹಾಗೇ. ಮಗ ಅವನ ಕೆಲಸದ ಮೇಲೆ ಹೊಸೂರಿಗೆ ಹೋಗಿದ್ದ, ಈ ಕಥೆಯಲ್ಲಿ ಅವನು ಬರಲ್ಲ.

ಶಿವರಾತ್ರಿ ಕಳೆದ ಮೇಲೆ ಕಾರಿನೊಳಗೆ ಗಾಳಿ ಬೆಚ್ಚಗೆ ಬರಲು ಶುರುವಾಯಿತು. ಅಂಗಡಿಯವನು ಗ್ಯಾಸು ತುಂಬಿದ. ಹದಿನೈದು ದಿನ ತಣ್ಣಗಿತ್ತು, ಆಮೇಲೆ ಮತ್ತೆ ಬೆಚ್ಚಗೆ. ಮತ್ತೆ ತುಂಬಿದ. ಯುಗಾದಿ ಆಗಿ ಇಪ್ಪತ್ತು ದಿನಕ್ಕೆ ಅದೂ ಹೋಯಿತು. ಮೂರನೇ ಸಲ ನಾನೂ ಜೊತೆಗೆ ಹೋಗಿದ್ದಾಗ ಅವನು ಕಾರಿನ ಮೂತಿಯೊಳಗೆ ಟಾರ್ಚು ಬಿಟ್ಟು, "ಕಂಡೆನ್ಸರ್ ಲೀಕು. ಎಣ್ಣೆ ಜಿನುಗಿದೆ ನೋಡಿ, ಬದಲಾಯಿಸಬೇಕು," ಅಂದ.

"ಯಾಕೆ ಲೀಕಾಗುತ್ತೆ?" ಅಂದೆ.

"ಕಲ್ಲು ಬಿದ್ದಿರುತ್ತೆ ಅಜ್ಜಿ. ಹೈವೇಲಿ ಇದ್ದದ್ದೇ."

ಅಷ್ಟು ಸಾಕಾಯಿತು ನನಗೆ. ಅಲ್ಲೇ ಸೊಸೆಯನ್ನು ತರಾಟೆಗೆ ತಗೊಂಡೆ. "ಲಾರಿ ಬಾಲ ಇಡ್ಕೊಂಡು ಓಡಿಸ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಈಗ ನೋಡು."

"ನಾನೆಲ್ಲಿ ಲಾರಿ ಹಿಂದೆ ಹೋಗ್ತೀನಿ ಅತ್ತೆ? ಹೋದ್ರೂ ಕಲ್ಲು ಬಿದ್ರೆ ಸದ್ದಾಗ್ಬೇಕಲ್ವಾ?"

"ರೇಡಿಯೋ ಹಾಕ್ಕೊಂಡು ಓಡಿಸೋಳಿಗೆ ಯಾವ ಸದ್ದು ಕೇಳ್ತದೆ?"

ಅವಳು ಸುಮ್ಮನಾದಳು. ಸುಮ್ಮನಾದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ನಾನು ತಿಳಿದೆ.

ಅದು ಗುರುವಾರ. ಸೋಮವಾರ ಬೆಳಿಗ್ಗೆ ಕಂಪನಿಯಲ್ಲಿ ಎಲ್ಲಾ ಬಾಡಿಗೆ ಗಾಡಿಗಳ ತಪಾಸಣೆ ಇತ್ತು. ಎ.ಸಿ. ತಣ್ಣಗಿಲ್ಲದ ಗಾಡಿಯ ರೂಟು ತೆಗೆದು ಬೇರೆಯವರಿಗೆ ಕೊಡುತ್ತಾರೆ. ನಮ್ಮ ರೂಟಿಗೆ ಒಬ್ಬ ಆಗಲೇ ಬಾಯಿ ಬಿಟ್ಟುಕೊಂಡು ನಿಂತಿದ್ದ. ಗಾರ್ಮೆಂಟ್ಸ್ ಕೆಲಸ ಬಿಟ್ಟು ಲೈಸೆನ್ಸು, ಬ್ಯಾಡ್ಜು ಎಲ್ಲಾ ಮಾಡಿಸಿಕೊಂಡು ಸೊಸೆ ಸಂಪಾದಿಸಿದ ರೂಟು ಅದು. ಅಂಗಡಿಯವನು ಬುಧವಾರಕ್ಕೆ ಮುಂಚೆ ಕೈ ಹಾಕಲ್ಲ ಅಂದ.

ನಮ್ಮ ಮಾಳಿಗೆಯ ರೂಮಿನಲ್ಲಿ ಗದಗದ ಕಡೆಯವನೊಬ್ಬ ಬಾಡಿಗೆಗಿದ್ದಾನೆ. ಔಷಧಿ ಕಾರ್ಖಾನೆಯ ಕೋಲ್ಡ್ ರೂಮುಗಳ ಎ.ಸಿ. ನೋಡುವ ಮೆಕ್ಯಾನಿಕ್ಕು. ರಜೆ ದಿನ ಕಾರಿಗೂ ಗ್ಯಾಸು ತುಂಬುತ್ತಾನೆ, ಪಂಪು, ಗೇಜು ಎಲ್ಲಾ ಅವನ ಹತ್ತಿರವೇ ಇದೆ. ಕೇಳಿದೆ.

"ಗ್ಯಾಸಿನ ಕೆಲಸ ನಂದ್ರೀ ಯಮ್ಮಾ," ಅಂದ. "ಬಿಚ್ಚೂದು, ಕೂಡಿಸೂದು ನಿಮ್ದು. ಬಂಪರ್ ಬಿಚ್ಚಾಕ ನನಗ ಬರೂದಿಲ್ಲ."

"ಬಿಚ್ಚೋದಕ್ಕೇನು ಕಷ್ಟ? ಬೋಲ್ಟು ತಿರುಗಿಸಿದ್ರೆ ಬರ್ತದೆ," ಅಂದೆ.

ಪೀಣ್ಯದಲ್ಲಿ ರೇಡಿಯೇಟರ್ ಮಾಡುವ ಶೆಡ್ಡಿನಲ್ಲಿ ಬೆಸುಗೆ ಹಾಕುತ್ತಿದ್ದವಳು ನಾನು. ಅಲ್ಯೂಮಿನಿಯಂ ಕೈಗೆ ಪರಿಚಯ, ಅಷ್ಟೇ. ಕಾರಿನ ಬೋಲ್ಟು ಪರಿಚಯ ಇರಲಿಲ್ಲ.

ಶುಕ್ರವಾರ ಸೊಸೆ ಹೊಸ ಕಂಡೆನ್ಸರ್ ತಂದಳು. ಶನಿವಾರ ಅವಳಿಗೆ ರಜೆ. ಬೆಳಿಗ್ಗೆ ಮುದ್ದೆ ಸಾರು ಎಲ್ಲಾ ಮುಗಿಸಿ ಅಂಗಳದಲ್ಲಿ ಹಳೇ ಗೋಣಿಚೀಲ ಹಾಸಿಕೊಂಡು ಕೂತೆವು. ಮೆಕ್ಯಾನಿಕ್ಕು ಮೊದಲು ಗೇಜು ಹಚ್ಚಿ ನೋಡಿದ. ಮುಳ್ಳು ಏಳಲಿಲ್ಲ. "ಖಾಲಿ ಐತ್ರೀ. ಇದ್ದಿದ್ರ ಮೊದ್ಲ ಸಿಲಿಂಡರ್‌ಗೆ ಎಳಕೋಬೇಕಿತ್ತು, ಹಂಗ ಬಿಚ್ಚಿದ್ರ ಮುಖಕ್ಕ ಹೊಡೀತೈತಿ. ಈಗ ಧೈರ್ಯಾಗಿ ಬಿಚ್ರಿ," ಅಂತ ಹೇಳಿ ಮಾಳಿಗೆಗೆ ಹೋದ.

ಬಂಪರ್ ಬಿಚ್ಚುವುದು ಬೋಲ್ಟಿನ ಕೆಲಸ ಅಲ್ಲ, ಕ್ಲಿಪ್ಪಿನ ಕೆಲಸ. ಮೇಲೆ ಆರು ಕ್ಲಿಪ್ಪು, ಕೆಳಗೆ ಐದು, ಎರಡೂ ಚಕ್ರದ ಗೂಡಿನೊಳಗೆ ಒಂದೊಂದು ಸ್ಕ್ರೂ. ಕ್ಲಿಪ್ಪಿನ ನಡುವಿನ ಗುಂಡಿ ಎತ್ತಿ ಆಮೇಲೆ ಎಳೆಯಬೇಕಂತೆ, ನಾನು ಸುಮ್ಮನೆ ಎಳೆದು ಎರಡು ಮುರಿದೆ. ಎಲ್ಲಾ ಬಿಚ್ಚಾಯಿತು, ಬಂಪರ್ ಮಾತ್ರ ಬರಲಿಲ್ಲ. ಎಡಗಡೆ ಎಳೆದರೆ ಬಲಗಡೆ ಹಿಡಿಯುತ್ತದೆ, ಬಲಗಡೆ ಎಳೆದರೆ ಎಡಗಡೆ. ಅರ್ಧ ಗಂಟೆ ಇಬ್ಬರೂ ಕರು ಎಳೆದ ಹಾಗೆ ಎಳೆದೆವು. ಕಡೆಗೆ ಸೊಸೆ ಫೋನಿನಲ್ಲಿ ಯಾವುದೋ ವಿಡಿಯೋ ಹಾಕಿ, "ಅತ್ತೆ, ಪಕ್ಕಕ್ಕೆ ಎಳೀಬೇಕು, ಮುಂದಕ್ಕಲ್ಲ," ಅಂದಳು. ಪಕ್ಕಕ್ಕೆ ಎಳೆದ ತಕ್ಷಣ ಟಪ್ ಅಂತ ಬಂದು ನನ್ನ ಮಡಿಲಿಗೆ ಬಿತ್ತು.

ಒಳಗೆ ನೋಡಿದರೆ ಎರಡು ರೇಡಿಯೇಟರ್ ಒಂದರ ಹಿಂದೆ ಒಂದು. ಯಾವುದು ಕಂಡೆನ್ಸರ್?

"ಮುಂದಿರೋದು," ಅಂದಳು ಸೊಸೆ.

"ತಣ್ಣಗೆ ಮಾಡೋ ಸಾಮಾನು ಇಂಜಿನ್ನಿನ ಪಕ್ಕ ಯಾಕಿಟ್ಟವ್ರೆ? ಒಳಗಲ್ವಾ ಇರಬೇಕು?"

ಮಾಳಿಗೆಯಿಂದ ಮೆಕ್ಯಾನಿಕ್ಕು ಕೂಗಿದ. "ಅದು ತಣ್ಣಗ ಮಾಡೂದಲ್ರೀ ಯಮ್ಮಾ, ಬಿಸಿ ಹೊರಗ ಹಾಕೂದು. ಒಳಗ ತಣ್ಣಗ ಮಾಡೂದು ಬ್ಯಾರೇನ ಐತಿ."

ಬಿಸಿ ಆಗುವ ಸಾಮಾನು ಕೆಟ್ಟರೆ ತಣ್ಣಗೆ ಯಾಕೆ ಬರಲ್ಲ ಅಂತ ಇನ್ನೂ ಎರಡು ಸಲ ಕೇಳಿದೆ. ಎರಡು ಸಲವೂ ಹೇಳಿದ. ತಲೆ ಆಡಿಸಿದೆ, ಅರ್ಥ ಆಗಲಿಲ್ಲ.

ಕಂಡೆನ್ಸರಿಗೆ ಎರಡು ಪೈಪು ಬಂದು ಸೇರುತ್ತವೆ. ಒಂದೊಂದಕ್ಕೂ ಒಂದು ಹತ್ತನೇ ನಂಬರಿನ ಬೋಲ್ಟು. ಮೇಲಿನದು ಬಂತು. ಕೆಳಗಿನದು ಧೂಳು, ಮಳೆ ನೀರು ತಿಂದು ಹಿಡಿದುಕೊಂಡಿತ್ತು. ಸೊಸೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿ ಜಗ್ಗಲು ಹೋದಳು. ಕೈ ಹಿಡಿದೆ. "ಅಲ್ಯೂಮಿನಿಯಂ ಜೊತೆ ಜಗಳ ಆಡ್ಬೇಡ. ಬೋಲ್ಟು ಗೆಲ್ಲಲ್ಲ, ನೀನೂ ಗೆಲ್ಲಲ್ಲ, ಪೈಪು ಮುರೀತದೆ." ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬೋಲ್ಟಿನ ತಲೆಗೆ ಮೆಲ್ಲಗೆ ಬಡಿದು, ಕಾಫಿ ಕುಡಿದು ಬಂದು, ಮೊದಲು ಬಿಗಿಯುವ ಕಡೆಗೆ ಒಂದು ಕೂದಲಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದೆ. ಕೀರ್ ಅಂತ ಬಂತು. ಪೈಪುಗಳ ಬಾಯಿಗೆ ಕೂಡಲೇ ಪ್ಲಾಸ್ಟಿಕ್ ಕಟ್ಟಿದೆವು, ಗಾಳಿಯ ತೇವ ಒಳಗೆ ಹೋಗಬಾರದು ಅಂತ ಮೆಕ್ಯಾನಿಕ್ಕು ಹೇಳಿದ್ದ.

ಹೊಸ ಕಂಡೆನ್ಸರಿನ ಡಬ್ಬದಲ್ಲಿ ರಬ್ಬರ್ ರಿಂಗು ಇರಲಿಲ್ಲ. ನಲ್ಲಿಯ ಅಂಗಡಿಯಲ್ಲಿ ಸಿಗುವ ಕಪ್ಪು ರಿಂಗು ನನ್ನ ಡಬ್ಬಿಯಲ್ಲಿ ಬೇಕಾದಷ್ಟಿತ್ತು, ಅಳತೆಯೂ ಸರಿ ಕೂತಿತು. ಮೆಕ್ಯಾನಿಕ್ಕು ನೋಡಿ ಹಣೆ ಚಚ್ಚಿಕೊಂಡ. "ಈ ಗ್ಯಾಸಿಗೆ ಅದು ಎಂಟ ದಿನದಾಗ ಉಬ್ಬಿ ಹೋಗತೈತ್ರೀ. ಹಸರ ರಿಂಗ ಬೇಕು." ಸೊಸೆ ಸ್ಕೂಟರಿನಲ್ಲಿ ಪೀಣ್ಯಕ್ಕೆ ಹೋಗಿ ನಾಲ್ಕು ಹಸಿರು ರಿಂಗು ತಂದಳು. ಎರಡು ಹಾಕಿದೆ, ಎರಡು ಉಳಿಯಿತು. ಹಳೆಯದರಿಂದ ಬಗ್ಗಿಸಿದಾಗ ಎಷ್ಟು ಎಣ್ಣೆ ಬಂತೋ ಅಷ್ಟೇ ಹೊಸ ಎಣ್ಣೆಯನ್ನು ಮುಚ್ಚಳದಲ್ಲಿ ಅಳೆದು ಹೊಸದಕ್ಕೆ ಹಾಕಿದೆವು. ರಿಂಗಿಗೂ ಅದೇ ಎಣ್ಣೆ ಸವರಿ ಕೂರಿಸಿದೆ. ಬಂಪರ್ ತೊಡಿಸಿದಾಗ ಮುರಿದ ಎರಡು ಕ್ಲಿಪ್ಪಿನ ಜಾಗ ಖಾಲಿ ಉಳಿಯಿತು, ಬಂಪರಿನ ಕೆಳಭಾಗ ಸ್ವಲ್ಪ ಒಳಗೆ ಕೂತಿತು. ಪರವಾಗಿಲ್ಲ ಅಂದುಕೊಂಡೆ.

ಸಂಜೆ ಮೆಕ್ಯಾನಿಕ್ಕು ಪಂಪು ಹಚ್ಚಿ ಮುಕ್ಕಾಲು ಗಂಟೆ ಒಳಗಿನ ಗಾಳಿಯೆಲ್ಲಾ ಎಳೆದ. ನೀಲಿ ಗೇಜಿನ ಮುಳ್ಳು ಸೊನ್ನೆಯಿಂದ ಕೆಳಗೆ ಹೋಯಿತು. ಪಂಪು ನಿಲ್ಲಿಸಿ ಅರ್ಧ ಗಂಟೆ ಬಿಟ್ಟ. ಮುಳ್ಳು ಅಲ್ಲಾಡಲಿಲ್ಲ. "ಎಲ್ಲೂ ಲೀಕಿಲ್ರೀ." ಬಾನೆಟ್ಟಿನ ಚೀಟಿಯಲ್ಲಿ ಬರೆದ ತೂಕಕ್ಕೆ ಸರಿಯಾಗಿ ಗ್ಯಾಸು ಬಿಟ್ಟ. ಸೊಸೆ ಕಾರು ಚಾಲೂ ಮಾಡಿ ಕೂತಳು. ನಾನು ಪಕ್ಕ ಕೂತೆ. ಗಾಳಿ ಬಂದು ಮುಂಗೈ ಕೂದಲು ನಿಂತವು.

ಮಾರನೇ ದಿನ ಭಾನುವಾರ, ಅಮಾವಾಸ್ಯೆ. ಬೆಳಿಗ್ಗೆ ಕಾರು ತೊಳೆದು, ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು, ಮೆಣಸಿನಕಾಯಿ, ಒಂದು ತುಂಡು ಇದ್ದಿಲು ದಬ್ಬಳದಲ್ಲಿ ಪೋಣಿಸಿದೆ. ಈ ಕಾರು ಬಂದಾಗಿನಿಂದ ಯಾವ ಅಮಾವಾಸ್ಯೆಯೂ ತಪ್ಪಿಸಿಲ್ಲ. ಗೋಣಿಚೀಲ ಹೊಲಿಯುವ ಹಳೇ ದಬ್ಬಳ ಮೊಂಡಾಗಿತ್ತು ಅಂತ ಶಿವರಾತ್ರಿಗೆ ಮುಂಚಿನ ಸಂತೆಯಲ್ಲಿ ಹೊಸದು ತಂದಿದ್ದೆ. ನಿಂಬೆಹಣ್ಣಿನಲ್ಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಸರವನ್ನು ಕಾರಿನ ಮೂತಿಯ ಜಾಲರಿಗೆ ಕಟ್ಟಿದೆ. ಪಕ್ಕದ ಶೆಡ್ಡಿನಲ್ಲಿ ಭಾನುವಾರವೂ ಗ್ರೈಂಡಿಂಗ್ ಮೆಷಿನ್ನು ಕಿರುಚುತ್ತಿತ್ತು. ನನ್ನ ಎಡಗಿವಿಯಂತೂ ಕೆಲಸದ ಕಾಲದಲ್ಲೇ ಹೋಗಿದೆ. ಕಟ್ಟುವಾಗ ಬೆರಳ ತುದಿಗೆ ತಣ್ಣಗೆ ಗಾಳಿ ತಗುಲಿತು. ಕಾರು ನಿಂತಿದ್ದರೂ ತಣ್ಣಗಿದೆ, ಸಕ್ಕತ್ತಾಗಿ ಕೂತಿದೆ ಕಂಡೆನ್ಸರ್ ಅಂತ ಖುಷಿಪಟ್ಟೆ.

ಹತ್ತು ಗಂಟೆಗೆ ಸೊಸೆ ಮಾದನಾಯಕನಹಳ್ಳಿಯವರೆಗೆ ಹೋಗಿ ಬಂದಳು. ಇಳಿದವಳ ಮುಖ ಸುಟ್ಟ ಬದನೆಕಾಯಿ.

"ಅತ್ತೆ, ಬಿಸಿ ಗಾಳಿ."

ಗೇಜು ಹಚ್ಚಿದರೆ ಮುಳ್ಳು ಏಳಲಿಲ್ಲ. ತುಂಬಿದ ಗ್ಯಾಸು ಪೂರ್ತಿ ಎಲ್ಲಿಗೆ ಹೋಯಿತು? ಮೆಕ್ಯಾನಿಕ್ಕು ಗೇಜು ನೋಡಿದ, ಕಾರು ನೋಡಿದ, ಮತ್ತೆ ಗೇಜು ನೋಡಿದ. "ರಾತ್ರಿ ಚಲೋ ಇತ್ತಲ್ರೀ. ಮುಳ್ಳು ಹಿಡಿದಿತ್ತಲ್ಲ."

"ಅಣ್ಣ, ಪೈಪಿನ ಜಾಯಿಂಟು ನೀವು ಸರಿಯಾಗಿ ನೋಡಿಲ್ಲ ಅನ್ಸುತ್ತೆ," ಅಂದಳು ಸೊಸೆ. ಅವಳಿಗೆ ಸೋಮವಾರ ಕಣ್ಣ ಮುಂದೆ ನಿಂತಿತ್ತು.

"ರಿಂಗ ಕೂರಿಸಿದವ ನಾ ಅಲ್ರೀ ಅಕ್ಕಾರ."

"ಕೂರಿಸಿದ್ದು ನಮ್ಮತ್ತೆ, ಸರಿ ಇದೆ ಅಂದಿದ್ದು ನೀವು. ಗೊತ್ತಿಲ್ಲದ ಕೆಲ್ಸ ಯಾಕೆ ಒಪ್ಕೋಬೇಕಿತ್ತು?"

ಸೋಪಿನ ನೊರೆ ಮಾಡಿ ಜಾಯಿಂಟಿಗೆ ಹಚ್ಚಲು ಬಗ್ಗಿದವನು ಎದ್ದ. ಗೇಜು, ಪಂಪು, ಸಿಲಿಂಡರು ಒಂದೊಂದಾಗಿ ಎತ್ತಿಕೊಂಡು ಮಾಳಿಗೆ ಹತ್ತಿದ. ಬಾಗಿಲು ಹಾಕಿಕೊಂಡ ಸದ್ದು ನನ್ನ ಎಡಗಿವಿಗೂ ಕೇಳಿತು.

"ಬಾಯಿಗೆ ಬೀಗ ಇಲ್ವಾ ನಿಂಗೆ?" ಅಂದೆ.

"ನಿಮಗಿದ್ಯಾ? ಗುರುವಾರದಿಂದ ಲಾರಿ ಲಾರಿ ಅಂತಿದೀರ. ಇವತ್ತು ಯಾವ ಲಾರಿ ಹಿಂದೆ ಹೋದೆ ಹೇಳಿ? ಭಾನುವಾರ ರಸ್ತೆ ಖಾಲಿ."

ಹೋಗಲಿ, ಅಂಗಡಿಯವನು ಕಳಪೆ ಮಾಲು ಕೊಟ್ಟಿರಬೇಕು ಅಂದೆ. ಹಾಗಾದರೆ ನಿನ್ನೆ ಅರ್ಧ ಗಂಟೆ ಮುಳ್ಳು ಯಾಕೆ ಹಿಡಿದಿತ್ತು? ಕಾರಿನ ಮುಂದೆ ಕೂತು ಯೋಚನೆ ಮಾಡಿದಷ್ಟೂ ಗಂಟು ಬಿಗಿಯಾಯಿತು. ರಾತ್ರಿ ಸರಿ ಇತ್ತು, ಬೆಳಿಗ್ಗೆ ಕೆಟ್ಟಿತು, ನಡುವೆ ಯಾರೂ ಮುಟ್ಟಿಲ್ಲ.

ಕಡೆಗೆ ಶೆಡ್ಡಿನಲ್ಲಿ ಮಾಡುತ್ತಿದ್ದ ಕೆಲಸವೇ ನೆನಪಾಯಿತು. ಅಲ್ಲಿ ಯಾವ ರೇಡಿಯೇಟರ್ ಮೇಲೆ ಅನುಮಾನ ಬಂದರೂ ವಾದ ಮಾಡುತ್ತಿರಲಿಲ್ಲ. ಗಾಳಿ ತುಂಬಿ ನೀರಿನಲ್ಲಿ ಮುಳುಗಿಸುತ್ತಿದ್ದೆವು. ಗುಳ್ಳೆ ಸುಳ್ಳು ಹೇಳಲ್ಲ.

"ಬಿಚ್ಚು," ಅಂದೆ.

"ಮತ್ತೆನಾ?"

"ಮತ್ತೆ."

ಈ ಸಲ ಬಂಪರ್ ಕಾಲು ಗಂಟೆಗೆ ಬಂತು. ಕಂಡೆನ್ಸರಿನ ಒಂದು ಬಾಯಿಗೆ ರಬ್ಬರ್ ಇಟ್ಟು ತಗಡಿನ ಪಟ್ಟಿಯಿಂದ ಬಿಗಿದೆ. ಇನ್ನೊಂದಕ್ಕೆ ಸೈಕಲ್ ಟ್ಯೂಬಿನ ವಾಲ್ವು ಕಟ್ಟಿದೆ. ಹಿಂದೆ ಹಸು ಇದ್ದಾಗ ನೀರಿಡುತ್ತಿದ್ದ ಕಲ್ಲುಬಾನಿ ಮೂಲೆಯಲ್ಲಿತ್ತು, ತುಂಬಿಸಿದೆವು. ಸೊಸೆ ಪಂಪು ಹೊಡೆದಳು, ನಾನು ಮುಳುಗಿಸಿದೆ.

ಜಾಯಿಂಟಿನ ಕಡೆ ಒಂದು ಗುಳ್ಳೆ ಇಲ್ಲ. ನಡುವಿಗಿಂತ ಸ್ವಲ್ಪ ಕೆಳಗೆ, ಬಲಗಡೆಗೆ, ಒಂದೇ ಕಡೆಯಿಂದ ಸರಸರ ಅಂತ ಗುಳ್ಳೆ ಎದ್ದವು.

"ಹಳೇದೂ ತಗೊಂಬಾ," ಅಂದೆ.

ಹಳೆಯದನ್ನು ಮುಳುಗಿಸಿದರೆ ಅಲ್ಲೂ ಅದೇ ಜಾಗ. ಗುಳ್ಳೆ ಸಾಸಿವೆಯಷ್ಟು, ನಿಂತು ನಿಂತು ಬರುತ್ತಿತ್ತು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಗೇಣು ಹಾಕಿ ಅಳೆದೆ. ಕೆಳಗಿನಿಂದ ಒಂದು ಗೇಣು, ಬಲದಿಂದ ಒಂದೂವರೆ ಗೇಣು. ಎರಡಕ್ಕೂ ಅದೇ ಲೆಕ್ಕ. ಹಳೆಯದರಲ್ಲಿ ತೂತಿನ ಸುತ್ತ ಅಲ್ಯೂಮಿನಿಯಂ ರೆಕ್ಕೆಗಳು ನುಗ್ಗಾಗಿ, ಗೀರು ಗೀರಾಗಿದ್ದವು.

"ಒಂದೇ ಜಾಗಕ್ಕೆ ಎರಡು ಸಲ ಕಲ್ಲು ಬೀಳ್ತದಾ ಅತ್ತೆ?"

"ಎರಡೂ ಒಂದೇ ಕಾರ್ಖಾನೆಯದು ಇರಬೇಕು. ಅಚ್ಚಿನಲ್ಲೇ ದೋಷ," ಅಂದೆ. ನನಗೇ ನಂಬಿಕೆ ಬರಲಿಲ್ಲ.

ಸೊಸೆ ಫೋನು ತೆಗೆದು ಸ್ಪೇರ್ ಪಾರ್ಟ್ಸ್ ಅಂಗಡಿಯವನ ಮೇಲೆ ಕೂಗಾಡಲು ಶುರು ಮಾಡಿದಳು. ಕಲ್ಲು ಒಳಗೆ ಹೋದ ದಾರಿ ಯಾವುದು ಅಂತ ನೋಡೋಣ ಅಂತ ನಾನು ಕಂಡೆನ್ಸರನ್ನು ಅದರ ಜಾಗದಲ್ಲಿ ನಿಲ್ಲಿಸಿ, ಬಂಪರನ್ನು ಮುಂದೆ ಹಿಡಿದು ಬಗ್ಗಿದೆ. ತೂತಿನ ಎದುರಿಗೆ ಜಾಲರಿಯ ಕಂಬಿ. ಕಂಬಿಯಲ್ಲಿ ನಾನು ಬೆಳಿಗ್ಗೆ ಕಟ್ಟಿದ ನಿಂಬೆಹಣ್ಣು. ಅದನ್ನು ದಾಟಿ ಕಲ್ಲು ಒಳಗೆ ಹೋಗುವ ಹಾಗಿಲ್ಲ.

ಎಷ್ಟು ಹೊತ್ತು ಆ ನಿಂಬೆಹಣ್ಣನ್ನೇ ನೋಡಿದೆನೋ. ಆಮೇಲೆ ಒಳಗೆ ಹೋಗಿ ದಬ್ಬಳ ತಂದೆ. ಸರದ ದಾರವನ್ನು ಕಂಬಿಯ ಹಿಂದಕ್ಕೆ ತೂರಿಸಲು ಪ್ರತಿ ಅಮಾವಾಸ್ಯೆ ಹೇಗೆ ಚುಚ್ಚುತ್ತೇನೋ ಹಾಗೇ, ಕಂಬಿಯ ಮೇಲಿನಿಂದ ಒಳಕ್ಕೆ ನೂಕಿದೆ. ಅದು ಹೋಗಿ ಬೀಗಕ್ಕೆ ಕೀಲಿ ಕೂತ ಹಾಗೆ ತೂತಿನಲ್ಲಿ ಕೂತಿತು.

ಹಳೇ ದಬ್ಬಳ ಮೊಂಡು, ಗೀರುತ್ತಿತ್ತು ಅಷ್ಟೇ. ಹೊಸದು ಹರಿತ. ಶಿವರಾತ್ರಿಯ ಮಾರನೇ ದಿನ ಅಮಾವಾಸ್ಯೆ, ಅವತ್ತೇ ಹಳೆಯದು ತೂತಾಗಿರಬೇಕು. ನಿನ್ನೆ ಕ್ಲಿಪ್ಪು ಮುರಿದು ಬಂಪರ್ ಒಳಗೆ ಕೂತಿದ್ದರಿಂದ ಈ ಸಲ ಇನ್ನೂ ಆಳಕ್ಕೆ ಇಳಿಯಿತು. ಬೆರಳಿಗೆ ತಣ್ಣಗೆ ತಗುಲಿದ್ದು ಗ್ಯಾಸು.

ಸೊಸೆ ಇನ್ನೂ ಫೋನಿನಲ್ಲಿದ್ದಳು. "ಗ್ರಾಹಕರಿಗೆ ಮೋಸ ಮಾಡ್ತೀರಾ?" ಅಂತಿದ್ದಳು. ದಬ್ಬಳವನ್ನು ಸೊಂಟದ ಚೀಲಕ್ಕೆ ಹಾಕಿಕೊಂಡೆ. ನಿಜ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಅನ್ನಿಸಿತು. ಅಂಗಡಿಯವನು ಯಾರೋ. ಅವನು ಬೈಸಿಕೊಂಡರೆ ನನಗೇನು? ಆದರೆ ನಾಳೆ ತಪಾಸಣೆ. ಹೊಸ ಕಂಡೆನ್ಸರ್ ಇವತ್ತು ಎಲ್ಲೂ ಸಿಗಲ್ಲ, ಇದನ್ನೇ ಬೆಸೆಯಬೇಕು. ಬೆಸೆಯಲು ಗ್ಯಾಸ್ ಟಾರ್ಚು ಮಾಳಿಗೆಯವನ ಹತ್ತಿರ ಇದೆ. ಅವನ ಬಾಗಿಲು ತಟ್ಟಬೇಕಾದರೆ ತಪ್ಪು ಯಾರದು ಅಂತ ಹೇಳದೆ ಆಗಲ್ಲ.

"ಫೋನ್ ಇಡು," ಅಂದೆ. "ತೂತು ಮಾಡಿದ್ದು ನಾನು." ದಬ್ಬಳ ತೆಗೆದು ತೋರಿಸಿದೆ.

ಸೊಸೆ ದಬ್ಬಳ ನೋಡಿದಳು, ನಿಂಬೆಹಣ್ಣು ನೋಡಿದಳು. ಬಾಯಿ ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನಿದ್ದಾಳೆ ಅಂದರೆ ಏನು ಅಂತ ಈ ಸಲ ನನಗೆ ತಿಳಿಯಲಿಲ್ಲ.

ಮಾಳಿಗೆ ಹತ್ತಿದೆ. ಮೆಕ್ಯಾನಿಕ್ಕು ರೊಟ್ಟಿ ತಿನ್ನುತ್ತಾ ಕೂತಿದ್ದ.

"ನಿನ್ನ ಕೆಲ್ಸದಲ್ಲಿ ತಪ್ಪಿಲ್ಲ ಕಣಪ್ಪ. ನಾನು ದಬ್ಬಳದಲ್ಲಿ ಚುಚ್ಚಿಬಿಟ್ಟೆ."

"ಯಾತರಾಗ?"

"ದಬ್ಬಳದಲ್ಲಿ. ನಿಂಬೆಹಣ್ಣು ಕಟ್ಟೋವಾಗ."

ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ನಕ್ಕ. "ಕಾರಿಗೆ ದೃಷ್ಟಿ ಆಗಬಾರದು ಅಂತ ಕಾರನ್ನ ಚುಚ್ಚೀರಿ? ಏನ್ ಮಂದಿರೀ ಯಮ್ಮಾ ನೀವು!"

"ನಗು, ನಗು. ಆಮೇಲೆ ಟಾರ್ಚು ತಗೊಂಡು ಕೆಳಗೆ ಬಾ."

"ನಾ ತಾಮ್ರ ಬೆಸೀತೀನ್ರೀ. ಅಲ್ಯೂಮಿನಿಯಂ ನನ್ನ ಕೈಗೆ ಬರೂದಿಲ್ಲ. ಕೆಂಪ ಆಗೂದಿಲ್ಲ, ಏನಿಲ್ಲ, ಒಮ್ಮಿಗೇ ಕರಗಿ ಬಿದ್ದ ಬಿಡ್ತೈತಿ."

"ನನ್ನ ಕೈಗೆ ಬರ್ತದೆ. ಕಣ್ಣು ಮಾತ್ರ ಸರಿಯಾಗಿಲ್ಲ. ಬೆಂಕಿ ನೀನು ಹಿಡಿ, ಕಡ್ಡಿ ನಾನು ಹಿಡೀತೀನಿ."

ಕೆಳಗೆ ಬಂದ. ಸೊಸೆ ಎದ್ದು ನಿಂತು, "ಅಣ್ಣ, ಬೆಳಿಗ್ಗೆ ಅಂದಿದ್ದು ತಪ್ಪಾಯ್ತು," ಅಂದಳು. "ಇರ್ಲಿ ಬಿಡ್ರೀ ಅಕ್ಕಾರ," ಅಂದ. ಆಮೇಲೆ ಕಲ್ಲುಬಾನಿ ಕಣ್ಣಿಗೆ ಬಿದ್ದು ಮತ್ತೆ ಹಣೆ ಚಚ್ಚಿಕೊಂಡ. "ನೀರಾಗ ಮುಳುಗಿಸೀರಿ? ಬದಿಗಿರೂ ಸಣ್ಣ ಡಬ್ಬಿ ತೇವ ಕುಡೀತೈತ್ರೀ!" ಕಂಡೆನ್ಸರಿನೊಳಗೆ ನೈಟ್ರೋಜನ್ ಊದಿ ಒಣಗಿಸಿದ. ಒಳಗಿನ ಎಣ್ಣೆಯೂ ಹೊರಗೆ ಬಂತು. ಅದು ಒಳ್ಳೆಯದೇ ಆಯಿತು, ಎಣ್ಣೆ ಇದ್ದರೆ ಬೆಸುಗೆ ಹಿಡಿಯಲ್ಲ.

ಅವನ ಪೆಟ್ಟಿಗೆಯಲ್ಲಿ ಮೂರು ಅಲ್ಯೂಮಿನಿಯಂ ಬೆಸುಗೆ ಕಡ್ಡಿ ಇದ್ದವು, ಒಳಗೇ ಬೆಸುಗೆ ಹಿಡಿಸುವ ಮದ್ದು ತುಂಬಿರುವಂಥವು. ಮೊದಲು ಹಳೆಯದರ ಮೇಲೆ ನೋಡೋಣ ಅಂದೆ. ತೂತಿನ ಎರಡೂ ಕಡೆ ರೆಕ್ಕೆಗಳನ್ನು ಬ್ಲೇಡಿನಿಂದ ಕತ್ತರಿಸಿ, ತಂತಿ ಬ್ರಷ್ಷಿನಿಂದ ಬೆಳ್ಳಗೆ ಉಜ್ಜಿದೆ. ಅವನು ಬೆಂಕಿ ಹಿಡಿದ. ನಾನು "ತಡಿ, ತಡಿ" ಅನ್ನುವಷ್ಟರಲ್ಲಿ ಕೊಳವೆ ಕುಸಿದು ಬೆರಳು ತೂರುವಷ್ಟು ದೊಡ್ಡ ಬಾಯಿ ಬಿಟ್ಟಿತು. ಒಂದು ಕಡ್ಡಿ ಹಾಳು.

"ಹೇಳಲಿಲ್ಲೇನ್ರೀ," ಅಂದ.

ಇಷ್ಟು ವರ್ಷ ಮಾಡಿದ ಕೆಲಸ, ಏನು ಮರೆತೆ? ಶೆಡ್ಡಿನಲ್ಲಿ ಕಡ್ಡಿ, ಬೆಂಕಿ, ಬ್ರಷ್ಷು ಎಲ್ಲಾ ಇದ್ದವು, ಇನ್ನೊಂದು ಏನೋ ಇತ್ತು. ನೆನಪಾಗಲಿಲ್ಲ. ಸೊಸೆ ಅಲ್ಲೇ ಮಸಿ ಮೆತ್ತಿದ ಕೈಯನ್ನು ಬಟ್ಟೆ ಸೋಪಿನಲ್ಲಿ ತೊಳೆಯುತ್ತಿದ್ದಳು. ನೋಡಿದ ಕೂಡಲೇ ಬಂತು.

"ಸೋಪು ಕೊಡಿಲ್ಲಿ."

ಅಲ್ಯೂಮಿನಿಯಂ ಬಿಸಿಯಾದದ್ದು ಕಣ್ಣಿಗೆ ತಿಳಿಯಲ್ಲ, ಸೋಪಿಗೆ ತಿಳಿಯುತ್ತದೆ. ತೂತಿನಿಂದ ಒಂದು ಬೆರಳು ದೂರಕ್ಕೆ ಬಾರ್ ಸೋಪಿನಲ್ಲಿ ಗೆರೆ ಎಳೆದೆ. ಗೆರೆ ಕಂದು ಬಣ್ಣಕ್ಕೆ ತಿರುಗಿ ಕಪ್ಪಾಗುವ ಹೊತ್ತಿಗೆ ಕಡ್ಡಿ ಮುಟ್ಟಿಸಬೇಕು, ಬೆಂಕಿ ಹಿಂದಕ್ಕೆ ಸರಿಯಬೇಕು. ಹಳೆಯದರಲ್ಲೇ ಇನ್ನೊಂದು ಕಡೆ ಮಾಡಿದೆವು. ಕಡ್ಡಿ ನೀರಿನಂತೆ ಹರಿದು ಕೂತಿತು.

ಹೊಸದಕ್ಕೆ ಒಂದೇ ಕಡ್ಡಿ ಉಳಿದಿತ್ತು. ಕಂಡೆನ್ಸರಿನ ಎರಡು ಬಾಯಿಯನ್ನೂ ತೆರೆದಿಟ್ಟೆ. ಮುಚ್ಚಿದ್ದರೆ ಒಳಗಿನ ಗಾಳಿ ಹಿಗ್ಗಿ ಬೆಸುಗೆಯನ್ನು ಹೊರಗೆ ಉಗುಳುತ್ತದೆ. ಗೆರೆಯ ಬಣ್ಣ ನನಗೆ ಸರಿಯಾಗಿ ಕಾಣಲಿಲ್ಲ. "ನೀನು ನೋಡಿ ಹೇಳು," ಅಂತ ಸೊಸೆಗೆ ಅಂದೆ. ಅ‍ವಳು ಮೂಗು ಬೆಂಕಿಗೆ ತಗಲುವಷ್ಟು ಬಗ್ಗಿ ಕೂತಳು.

"ಕಂದು... ಇನ್ನೂ ಕಂದು... ಕಪ್ಪು! ಅತ್ತೆ, ಕಪ್ಪು!"

ಮುಟ್ಟಿಸಿದೆ. ಹರಿಯಿತು. ಅವನು ಬೆಂಕಿ ಎತ್ತಿದ. ಯಾರೂ ಊದಬೇಡಿ, ನೀರು ಹಾಕಬೇಡಿ, ತಾನಾಗೇ ಆರಲಿ ಅಂದೆ. ಆರಿದ ಮೇಲೆ ನೈಟ್ರೋಜನ್ ಕೊಟ್ಟು ಸೋಪಿನ ನೊರೆ ಸವರಿದ. ಗುಳ್ಳೆ ಬರಲಿಲ್ಲ. ಇನ್ನೂ ಜಾಸ್ತಿ ಒತ್ತಡ ಕೊಟ್ಟ. ಬರಲಿಲ್ಲ.

ಉಳಿದಿದ್ದ ಎರಡು ಹಸಿರು ರಿಂಗು ಹಾಕಿದೆವು, ಎಣ್ಣೆ ಮತ್ತೆ ಅಳೆದು ಹಾಕಿದೆವು. ತೇವ ಹೋಗಲಿ ಅಂತ ಒಂದೂವರೆ ಗಂಟೆ ಪಂಪು ಎಳೆದ. ಮುಳ್ಳು ಹಿಡಿಯಿತು, ಮತ್ತೆ ತೂಕಕ್ಕೆ ಸರಿಯಾಗಿ ಗ್ಯಾಸು ಬಿಟ್ಟ. ದೀಪ ಹಚ್ಚುವ ಹೊತ್ತಿಗೆ ಗಾಳಿ ತಣ್ಣಗೆ ಬಂತು. ನಿನ್ನೆಯೂ ಬಂದಿತ್ತು ಅಂತ ಯಾರೂ ಸಂತೋಷ ಪಡಲಿಲ್ಲ.

ಸೋಮವಾರ ನಾನೂ ಕಾರಿನಲ್ಲಿ ಹೋದೆ. ಸೊಸೆ ಬೇಡ ಅಂದಳು. ಬೆಸುಗೆ ನನ್ನದು, ಬಿಟ್ಟುಕೊಂಡರೆ ನಾನು ಅಲ್ಲಿರಬೇಕು ಅಂದೆ. ಕಂಪನಿಯ ಪಾರ್ಕಿಂಗಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ತಪಾಸಣೆಯವನು ಸಣ್ಣ ವಯಸ್ಸಿನವನು, ಕೈಯಲ್ಲಿ ರಟ್ಟು ಮತ್ತು ಫಾರಂ. ಗಾಳಿ ಬರುವ ಕಂಡಿಗೆ ಒಂದು ಕಡ್ಡಿ ಸಿಕ್ಕಿಸಿ ಎಷ್ಟು ತಣ್ಣಗಿದೆ ಅಂತ ನೋಡಿದ. ತಲೆ ಆಡಿಸಿದ. ಆಮೇಲೆ ಮುಂದೆ ಬಂದು ಜಾಲರಿಯೊಳಗೆ ಟಾರ್ಚು ಬಿಟ್ಟ.

"ಇದೇನು ಪ್ಯಾಚು? ಹೊಸ ಕಂಡೆನ್ಸರಿಗೆ?"

ಸೊಸೆ ನನ್ನ ಕಡೆ ನೋಡಲಿಲ್ಲ. "ಕಲ್ಲು ಬಿತ್ತು ಸಾರ್. ಲಾರಿ ಹಿಂದೆ ಇದ್ದೆ."

"ಅಷ್ಟು ಹತ್ತಿರ ಓಡಿಸ್ತೀರಾ? ಹೆಣ್ಣುಮಕ್ಕಳನ್ನ ಕೂರಿಸ್ಕೊಂಡು?" ಅಂತ ಪೆನ್ನು ತೆಗೆದ.

ಆ ಕಲ್ಲು ನಾನು ಅವಳ ತಲೆಗೆ ಕಟ್ಟಿದ್ದು. ಅದನ್ನೇ ಎತ್ತಿಕೊಂಡು ನಿಂತಿದ್ದಳು, ಪೆಚ್ಚುಮುಂಡೇದು. ಬಾಗಿಲು ತೆಗೆದು ಇಳಿದೆ. ಸೊಂಟದ ಚೀಲದಿಂದ ದಬ್ಬಳ ತೆಗೆದು ಬಾನೆಟ್ಟಿನ ಮೇಲಿಟ್ಟೆ.

"ಕಲ್ಲಲ್ಲ ಸಾರ್. ಇದು."

"ಇದೇನಜ್ಜಿ?"

"ದಬ್ಬಳ. ನಿಂಬೆಹಣ್ಣು ಕಟ್ಟೋವಾಗ ನಾನು ಚುಚ್ಚಿದ್ದು. ಅವಳು ಲಾರಿ ಹಿಂದೆ ಓಗಿಲ್ಲ. ನೆಟ್ಟಗೆ ಓಡಿಸ್ತಾಳೆ."

ಅವನು ದಬ್ಬಳ ಎತ್ತಿ ತಿರುಗಿಸಿ ನೋಡಿದ. ಜಾಲರಿಯೊಳಗೆ ಮತ್ತೊಮ್ಮೆ ಟಾರ್ಚು ಬಿಟ್ಟ. "ಬೆಸುಗೆ ಯಾರು ಹಾಕಿದ್ದು?"

"ಅದೂ ನಾನೇ."

ಫಾರಂನಲ್ಲಿ ಏನೋ ಬರೆದು ಸೀಲು ಒತ್ತಿ ಸೊಸೆಗೆ ಕೊಟ್ಟ. ಇಂಗ್ಲಿಷಿನಲ್ಲಿತ್ತು. ಗೇಟು ದಾಟುವವರೆಗೂ ಕೇಳಲು ಧೈರ್ಯ ಬರಲಿಲ್ಲ. ಆಮೇಲೆ ಕೇಳಿದೆ.

"ಪಾಸಾಗಿದೆ ಅತ್ತೆ. ಕೆಳಗಡೆ ಒಂದು ಸಾಲು ಬರ್ದವ್ರೆ."

"ಏನಂತೆ?"

"ಗಾಡಿ ಮುಂದೆ ಏನೂ ಕಟ್ಟಬಾರದು ಅಂತೆ."

ಪೀಣ್ಯದ ಫ್ಲೈಓವರ್ ಇಳಿದೆವು. ಮುಂದೆ ಒಂದು ಜಲ್ಲಿ ಲಾರಿ ಹೋಗುತ್ತಿತ್ತು. ಸೊಸೆ ಅದರಿಂದ ತುಂಬ ಹಿಂದೆ ಇದ್ದಳು. ಯಾವಾಗಲೂ ಅಷ್ಟೇ ಹಿಂದೆ ಇರುತ್ತಿದ್ದಳೋ ಏನೋ, ನಾನು ನೋಡಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು ಕಾರು ಹತ್ತಿಸಿದೆವು. ಬೆಸುಗೆ ಇವತ್ತಿಗೂ ಹಿಡಿದಿದೆ. ಒಂದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಇಷ್ಟು ವರ್ಷ ಆ ಸರ ಕಟ್ಟಿದ್ದಕ್ಕೇ ಕಾರಿಗೆ ಬೇರೆ ಯಾವ ಕೇಡೂ ಆಗಲಿಲ್ಲವೋ, ಇಲ್ಲಾ ಕಾರಿಗೆ ಆದ ಕೇಡೇ ಆ ಸರವೋ? ಸೊಸೆಯನ್ನು ಕೇಳಿದೆ. "ದಬ್ಬಳ ಎಲ್ಲಿಟ್ಟಿದೀರ, ಮೊದಲು ಅದು ಹೇಳಿ," ಅಂದಳು.